ಕ್ರಿಯಾಟಿನಿನ್ 1.1, ಲ್ಯಾಬ್ ‘ನಾರ್ಮಲ್’ ಅನ್ನುತ್ತೆ: ಹಾಗಾದರೆ ಅಪ್ಪನ ಕಿಡ್ನಿ ಬಗ್ಗೆ ಡಾಕ್ಟರಿಗೆ ಭಯ ಯಾಕೆ?

ಪ್ರಶ್ನೆ: ನಮ್ಮ ಅಪ್ಪನಿಗೆ 58 ವರ್ಷ. ಹತ್ತು ವರ್ಷದಿಂದ ಗೌಟ್ (ಯೂರಿಕ್ ಆಸಿಡ್ ಹರಳು ಕೂತು ಕೀಲು ಊದುವ ಕಾಯಿಲೆ) ಇದೆ. ಮೊದಲು ಕಾಲಿನ ಹೆಬ್ಬೆರಳು ಮಾತ್ರ ಊದುತ್ತಿತ್ತು. ಈಗ ಮಂಡಿಗೂ ಬಂದಿದೆ, ಮೊಣಕೈ ಹತ್ತಿರ ಗಂಟು ಎದ್ದಿದೆ. ನೋವು ಬಂದಾಗಲೆಲ್ಲ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ತಂದು ಮೂರು ನಾಲ್ಕು ದಿನ ನುಂಗುತ್ತಾರೆ. ಕಳೆದ ವರ್ಷ ಹೊಟ್ಟೆಯಲ್ಲಿ ನೀರು ತುಂಬಿತು. ಸ್ಕ್ಯಾನ್ ಮಾಡಿಸಿದಾಗ ಲಿವರ್ ಸಿರೋಸಿಸ್ ಅಂದರು. ಕುಡಿಯೋದು ಬಿಟ್ಟು ಎಂಟು ತಿಂಗಳಾಯಿತು. ನೀರು ಇಳಿಯಲು ಸ್ಪೈರೊನೊಲ್ಯಾಕ್ಟೋನ್, ಫ್ರುಸೆಮೈಡ್ ಇರುವ ಮಾತ್ರೆ ಕೊಟ್ಟಿದ್ದಾರೆ. ಯೂರಿಕ್ ಆಸಿಡ್ 9.4 ಇದೆ. ಕ್ರಿಯಾಟಿನಿನ್ ಕಳೆದ ವರ್ಷ 0.7 ಇತ್ತು, ಈಗ 1.1. ರಿಪೋರ್ಟಿನಲ್ಲಿ ಇದು ನಾರ್ಮಲ್ ಎಂದೇ ಇದೆ. ಆದರೆ ಡಾಕ್ಟರು ‘ಕಿಡ್ನಿ ಹುಷಾರು’ ಅಂದರು. ಲಿವರ್‌ಗೂ ಗೌಟ್‌ಗೂ ಕಿಡ್ನಿಗೂ ಏನು ಸಂಬಂಧ? ಬೇಳೆ, ಟೊಮೆಟೊ, ಹುಣಸೆಹಣ್ಣು ಎಲ್ಲ ನಿಲ್ಲಿಸಿದ್ದೇವೆ, ಸರಿಯಾ? ಯೂರಿಕ್ ಆಸಿಡ್ ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಾ?
(ದಾವಣಗೆರೆಯಿಂದ ಒಬ್ಬ ಮಗಳು)

ಉತ್ತರ:

ನಿಮ್ಮ ಡಾಕ್ಟರು ಹೇಳಿದ್ದು ಸರಿ. ಲ್ಯಾಬ್ ಹೇಳಿದ್ದೂ ತಪ್ಪಲ್ಲ, ಆದರೆ ಆ ಮಾತು ನಿಮ್ಮ ತಂದೆಯವರಿಗೆ ಅನ್ವಯಿಸುವುದಿಲ್ಲ. ವಿವರಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಡೈಕ್ಲೋಫೆನಾಕ್ ಸ್ಟ್ರಿಪ್‌ಗಳನ್ನು ಇವತ್ತೇ ಅಪ್ಪನ ಕೈಗೆ ಸಿಗದ ಹಾಗೆ ತೆಗೆದಿಡಿ. ಅಪ್ಪನ ಅಂಗಿ ಜೇಬು, ದಿಂಬಿನ ಕೆಳಗೆ, ಸ್ಕೂಟರ್ ಡಿಕ್ಕಿ ಎಲ್ಲ ನೋಡಿ. ಹತ್ತು ವರ್ಷ ಗೌಟ್ ಅನುಭವಿಸಿದವರು ಒಂದೇ ಜಾಗದಲ್ಲಿ ಮಾತ್ರೆ ಇಟ್ಟುಕೊಳ್ಳುವುದಿಲ್ಲ. ಯಾಕೆ ಇಷ್ಟು ಆತುರ ಅನ್ನುವುದು ಓದುತ್ತಾ ಗೊತ್ತಾಗುತ್ತದೆ.

ಮೊದಲು ಆ 1.1ರ ವಿಷಯ. ಕ್ರಿಯಾಟಿನಿನ್ ಅಂದರೆ ನಮ್ಮ ಮಾಂಸಖಂಡಗಳಿಂದ ದಿನಾ ಬರುವ ಕಸ. ಅದರ ಕಚ್ಚಾ ಸಾಮಗ್ರಿಯ ಒಂದು ಪಾಲು ತಯಾರಾಗುವುದು ಲಿವರ್‌ನಲ್ಲಿ. ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆಯ ಹಾಗೆ ಗಟ್ಟಿಯಾಗುವ ಕಾಯಿಲೆ, ಬಂದವರ ತೋಳು, ತೊಡೆ ಸೊರಗಿರುತ್ತವೆ. ಹೊಟ್ಟೆ ಮಾತ್ರ ಮುಂದೆ ಬಂದಿರುತ್ತದೆ. ಮಾಂಸಖಂಡ ಕಡಿಮೆ, ಲಿವರ್‌ನ ಕೆಲಸವೂ ಕಡಿಮೆ ಅಂದ ಮೇಲೆ ಕಸ ಹುಟ್ಟುವುದೇ ಕಡಿಮೆ. ಮನೆಯಲ್ಲಿ ಅಡುಗೆ ಅರ್ಧ ಆಗಿಬಿಟ್ಟರೆ, ಪಾತ್ರೆ ತೊಳೆಯುವವರು ಎಷ್ಟು ನಿಧಾನ ಮಾಡಿದರೂ ಸಿಂಕ್ ತುಂಬುವುದಿಲ್ಲ ಅಲ್ವಾ? ಹಾಗೆಯೇ ಇದು. ಸಿಂಕ್ ಖಾಲಿ ಕಾಣುತ್ತದೆ ಎಂದು ಎಲ್ಲ ಸರಿಯಾಗಿದೆ ಅಂದುಕೊಳ್ಳುವ ಹಾಗಿಲ್ಲ.

ಹಾಗಾಗಿ ಸಿರೋಸಿಸ್ ಇರುವವರಲ್ಲಿ ನಾವು ನೋಡುವುದು ಒಂಟಿ ಅಂಕಿಯನ್ನಲ್ಲ, ಅದು ಎಲ್ಲಿಂದ ಎಲ್ಲಿಗೆ ಬಂತು ಎನ್ನುವುದನ್ನು. ಎರಡು ದಿನದಲ್ಲಿ 0.3 ಏರಿದರೂ, ಒಂದು ವಾರದಲ್ಲಿ ಹಿಂದಿನದರ ಒಂದೂವರೆ ಪಟ್ಟಾದರೂ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ಲೆಕ್ಕ. ನಿಮ್ಮ ತಂದೆಯವರದ್ದು 0.7ರಿಂದ 1.1ಕ್ಕೆ ಬಂದಿದೆ. ಒಂದೂವರೆ ಪಟ್ಟು ದಾಟಿದೆ. ಇದು ವರ್ಷವಿಡೀ ನಿಧಾನವಾಗಿ ಏರಿತೋ, ಕಳೆದ ವಾರ ನುಂಗಿದ ಮಾತ್ರೆಯಿಂದ ಏರಿತೋ ಈ ಎರಡು ರಿಪೋರ್ಟ್‌ಗಳಿಂದ ಹೇಳಲಾಗದು. ಅದಕ್ಕೇ ಈ ವಾರದಲ್ಲೇ ಇನ್ನೊಮ್ಮೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಮೂತ್ರ ಪರೀಕ್ಷೆ ಮಾಡಿಸಿ. ಸಿಸ್ಟಾಟಿನ್ ಸಿ ಎನ್ನುವ ಇನ್ನೊಂದು ರಕ್ತ ಪರೀಕ್ಷೆ ಇದೆ. ಅದು ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ನಿಮ್ಮೂರಿನ ಲ್ಯಾಬ್‌ನಲ್ಲಿ ಸಿಕ್ಕರೆ ಮಾಡಿಸಬಹುದು. ಸಿಗದಿದ್ದರೆ ಸಾಲಾಗಿ ಮಾಡಿಸಿದ ಮೂರು ಕ್ರಿಯಾಟಿನಿನ್ ರಿಪೋರ್ಟ್ ಇದ್ದರೂ ನಮಗೆ ಸಾಕಷ್ಟು ತಿಳಿಯುತ್ತದೆ.

ಈಗ ಲಿವರ್ ಕೆಟ್ಟರೆ ಕಿಡ್ನಿ ಯಾಕೆ ಒದ್ದಾಡುತ್ತದೆ ನೋಡೋಣ. ನೀವು ದಾವಣಗೆರೆಯವರು, ಭದ್ರಾ ನಾಲೆಯ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ಡ್ಯಾಮ್‌ನಲ್ಲಿ ನೀರಿದೆ. ನಾಲೆಗೂ ಬಿಟ್ಟಿದ್ದಾರೆ. ಆದರೆ ಕೊನೇ ಭಾಗದ ರೈತನ ಗದ್ದೆಗೆ ಹನಿ ನೀರಿಲ್ಲ. ಮೇಲಿನವರು ತೂಬು ಅಗಲ ಮಾಡಿಕೊಂಡು, ಪಂಪ್‌ಸೆಟ್ ಇಟ್ಟು ಎಳೆದುಕೊಂಡಿದ್ದಾರೆ. ಸಿರೋಸಿಸ್‌ನಲ್ಲಿ ದೇಹದೊಳಗೆ ಆಗುವುದೂ ಇದೇ. ಕರುಳಿನಿಂದ ಬರುವ ರಕ್ತ ಲಿವರ್ ಮೂಲಕವೇ ಹೃದಯಕ್ಕೆ ಹೋಗಬೇಕು. ಲಿವರ್ ಗಟ್ಟಿಯಾಗಿ ಗಾಯದ ಕಲೆಯ ಹಾಗಾದಾಗ ಆ ದಾರಿ ಕಟ್ಟುತ್ತದೆ, ಹಿಂದೆ ಒತ್ತಡ ಏರುತ್ತದೆ. ಆಗ ಕರುಳಿನ ಸುತ್ತಲ ರಕ್ತನಾಳಗಳು ಅಗಲವಾಗುತ್ತವೆ. ನೈಟ್ರಿಕ್ ಆಕ್ಸೈಡ್ ಮುಂತಾದ ವಸ್ತುಗಳ ಕೆಲಸ ಅದು. ರಕ್ತ ಅಲ್ಲೇ ನಿಂತುಬಿಡುತ್ತದೆ. ದೇಹದಲ್ಲಿ ಒಟ್ಟು ನೀರು ಜಾಸ್ತಿಯೇ ಇದೆ, ಕಾಲು ಊದಿದೆ, ಹೊಟ್ಟೆ ತುಂಬಿದೆ. ಆದರೆ ಕಿಡ್ನಿಗೆ ಬರುವ ನಾಲೆ ಬತ್ತಿದೆ.

ಕಿಡ್ನಿಗೆ ಇದು ಬರಗಾಲದ ಹಾಗೆ ಕಾಣುತ್ತದೆ. ಅದು ಉಪ್ಪನ್ನು, ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದ ನೀರು ಮತ್ತೆ ಸೋರಿ ಹೊಟ್ಟೆಗೇ ಹೋಗುತ್ತದೆ. ಜಲೋದರ ಆಗುವುದು ಹೀಗೆ. ಕೊನೆಗೆ ಕಿಡ್ನಿಯ ಒಳಗಿನ ರಕ್ತನಾಳಗಳೇ ಮುದುಡಿಕೊಂಡು ಮೂತ್ರ ಕಡಿಮೆಯಾಗುತ್ತದೆ. ಈ ಕೊನೆಯ ಹಂತಕ್ಕೆ ಹೆಪಟೊರೀನಲ್ ಸಿಂಡ್ರೋಮ್ ಎಂದು ಹೆಸರು. ವಿಚಿತ್ರ ಏನೆಂದರೆ ಇಲ್ಲಿ ಕಿಡ್ನಿ ಸ್ವತಃ ಹೆಚ್ಚು ಕೆಟ್ಟಿರುವುದಿಲ್ಲ. 1969ರಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಪ್ರಕಟಿಸಿದರು. ಈ ಸ್ಥಿತಿಯಲ್ಲಿ ತೀರಿಕೊಂಡವರ ಕಿಡ್ನಿಗಳನ್ನು ಬೇರೆಯವರಿಗೆ ಹಾಕಿದಾಗ ಅವು ಕೆಲಸ ಮಾಡಿದ್ದವು. ಹಳೇ ದೇಹದಲ್ಲಿ ಕೈಚೆಲ್ಲಿದ್ದ ಕಿಡ್ನಿ ಹೊಸ ದೇಹದಲ್ಲಿ ದುಡಿಯಿತು. ಹೊಲದಲ್ಲಿ ತಪ್ಪಿರಲಿಲ್ಲ, ನಾಲೆಯಲ್ಲಿ ನೀರಿರಲಿಲ್ಲ ಅಷ್ಟೆ.

ನಿಮ್ಮ ತಂದೆಯವರಿಗೆ ಆ ಹಂತ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಮ್ಮೆ ಹೊಟ್ಟೆಯಲ್ಲಿ ನೀರು ತುಂಬಿದೆ ಎಂದರೆ ಅವರ ಕಿಡ್ನಿ ಈಗಾಗಲೇ ಕೊನೇ ಭಾಗದ ಹೊಲ. ಅಂಥ ಹೊಲಕ್ಕೆ ಸಣ್ಣ ಏರುಪೇರೂ ತಡೆಯುವುದಿಲ್ಲ. ಎರಡು ದಿನದ ಭೇದಿ, ಹೊಟ್ಟೆಯ ನೀರಿಗೆ ತಗಲುವ ಸೋಂಕು, ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತ ಹೋಗುವುದು, ನೀರಿನ ಮಾತ್ರೆ ಜಾಸ್ತಿಯಾಗುವುದು, ಐದು ಲೀಟರಿಗಿಂತ ಹೆಚ್ಚು ನೀರನ್ನು ಸೂಜಿ ಹಾಕಿ ತೆಗೆದು ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಡ್ರಿಪ್ ಕೊಡದೇ ಇರುವುದು, ಇವೆಲ್ಲ ಕಿಡ್ನಿಯನ್ನು ತಳ್ಳಿಬಿಡಬಹುದು. ಮಲ ಸಲೀಸಾಗಿ ಹೋಗಲಿ ಎಂದು ಕೊಡುವ ಲ್ಯಾಕ್ಟುಲೋಸ್ ಸಿರಪ್‌ನಿಂದ ದಿನಕ್ಕೆ ಏಳೆಂಟು ಸಲ ಭೇದಿಯಾದರೂ ಅಷ್ಟೇ. ಎರಡು ಮೂರು ಸಲ ಹೋದರೆ ಸಾಕು, ಅದಕ್ಕಿಂತ ಜಾಸ್ತಿಯಾದರೆ ಡಾಕ್ಟರಿಗೆ ಹೇಳಿ ಪ್ರಮಾಣ ಇಳಿಸಿಕೊಳ್ಳಿ.

ಇಷ್ಟೆಲ್ಲ ಬರಗಾಲದಲ್ಲೂ ಕಿಡ್ನಿ ಒಂದು ಉಪಾಯ ಮಾಡಿಕೊಂಡಿರುತ್ತದೆ. ಪ್ರೊಸ್ಟಾಗ್ಲ್ಯಾಂಡಿನ್ ಎಂಬ ವಸ್ತುವನ್ನು ತಾನೇ ತಯಾರಿಸಿ, ತನ್ನೊಳಗೆ ರಕ್ತ ಬರುವ ತೂಬನ್ನು ಹೇಗೋ ತೆರೆದಿಟ್ಟುಕೊಂಡಿರುತ್ತದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ಇಂಡೊಮೆಥಾಸಿನ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್ ಈ ಮಾತ್ರೆಗಳೆಲ್ಲ ನೋವು ಇಳಿಸುವುದು ಇದೇ ಪ್ರೊಸ್ಟಾಗ್ಲ್ಯಾಂಡಿನ್ ತಯಾರಾಗದ ಹಾಗೆ ತಡೆದು. ಮಂಡಿಯ ಉರಿಯೂತ ಇಳಿಯುತ್ತದೆ. ಜೊತೆಗೆ ಕಿಡ್ನಿಯ ತೂಬೂ ಮುಚ್ಚುತ್ತದೆ. ನೀರಿನ ಮಾತ್ರೆ ಕೆಲಸ ಮಾಡುವುದು ಕಡಿಮೆಯಾಗಿ ಹೊಟ್ಟೆ ಮತ್ತೆ ತುಂಬುತ್ತದೆ. ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಬೇರೆ. ಸಿರೋಸಿಸ್ ಇರುವವರಿಗೆ ಇವು ‘ಆದಷ್ಟು ಕಡಿಮೆ ತಗೊಳ್ಳಿ’ ಎನ್ನುವ ಮಾತ್ರೆಗಳಲ್ಲ, ಬೇಡವೇ ಬೇಡ. ‘ಇಂಜೆಕ್ಷನ್ ಆದರೆ ಹೊಟ್ಟೆಗೆ ಹೋಗಲ್ಲ, ಪರವಾಗಿಲ್ಲ’ ಎನ್ನುವವರು ತುಂಬಾ ಜನ ಇದ್ದಾರೆ. ಸೊಂಟಕ್ಕೆ ಚುಚ್ಚಿದರೂ ಅದು ರಕ್ತದಲ್ಲಿ ಬೆರೆತು ಕಿಡ್ನಿಗೇ ಬರುತ್ತದೆ.

ಇಲ್ಲಿ ಒಂದು ರಣಹದ್ದಿನ ಕಥೆ ಹೇಳಲೇಬೇಕು. 1990ರ ದಶಕದಲ್ಲಿ ಭಾರತದ ರಣಹದ್ದುಗಳು ರಾಶಿ ರಾಶಿ ಸಾಯತೊಡಗಿದವು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರೆ ಹೃದಯ, ಲಿವರ್ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಅದು ಯೂರಿಕ್ ಆಸಿಡ್. ಅಂದರೆ ಹಕ್ಕಿಗಳಿಗೆ ಒಳಗಿನ ಅಂಗಗಳಿಗೆಲ್ಲ ಗೌಟ್ ಆಗಿತ್ತು. ಕಾರಣ 2004ರಲ್ಲಿ ಪ್ರಕಟವಾಯಿತು. ದನಗಳಿಗೆ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದಿತ್ತು. ಅದನ್ನು ತಿಂದ ಹದ್ದಿನ ಕಿಡ್ನಿ ಕೆಟ್ಟು ಯೂರಿಕ್ ಆಸಿಡ್ ಹೊರಹೋಗದೆ ಮೈಯೆಲ್ಲ ತುಂಬಿಕೊಂಡಿತ್ತು. 2006ರಲ್ಲಿ ಸರಕಾರ ಪಶುಗಳಿಗೆ ಆ ಔಷಧಿ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಎಂದು ಘೋಷಿಸಿದ ಹಿಂದೆಯೂ ಆ ಹಕ್ಕಿಗಳ ಅಳಿವಿನ ಚಿಂತೆ ಇದೆ. ಹದ್ದಿನ ಕಿಡ್ನಿ ಈ ಔಷಧಿಗೆ ನಮ್ಮದಕ್ಕಿಂತ ಬಹಳ ಸೂಕ್ಷ್ಮ ಎನ್ನುವುದು ನಿಜ. ಆದರೂ ಗೌಟ್ ನೋವಿಗೆ ಎಂದು ಡೈಕ್ಲೋಫೆನಾಕ್ ನುಂಗುವವರನ್ನು ಕಂಡಾಗ ನನಗೆ ಆ ಹಕ್ಕಿಗಳು ನೆನಪಾಗುತ್ತವೆ. ನೋವಿಗೆ ಎಂದು ನುಂಗಿದ್ದೇ ಕಿಡ್ನಿ ಕೆಡಿಸಿ, ಕೆಟ್ಟ ಕಿಡ್ನಿ ಮತ್ತೆ ಯೂರಿಕ್ ಆಸಿಡ್ ಏರಿಸುತ್ತದೆ.

ಸರಿ, ಗೌಟ್ ಕಡೆಗೆ ಬರೋಣ. ನಮ್ಮ ಜೀವಕೋಶಗಳು ಸತ್ತಾಗ, ಮಾಂಸದಂಥ ಆಹಾರ ಜೀರ್ಣವಾದಾಗ ಪ್ಯೂರಿನ್ ಎಂಬ ವಸ್ತು ಉಳಿಯುತ್ತದೆ. ಅದನ್ನು ಯೂರಿಕ್ ಆಸಿಡ್ ಮಾಡುವ ಕೆಲಸ ಹೆಚ್ಚಾಗಿ ನಡೆಯುವುದು ಲಿವರ್‌ನಲ್ಲಿ. ಹೊರಗೆ ಹಾಕುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಕಿಡ್ನಿಯದು, ಉಳಿದದ್ದು ಕರುಳಿನದು. ನಾಯಿ, ದನಗಳ ದೇಹದಲ್ಲಿ ಯೂರಿಕ್ ಆಸಿಡನ್ನು ಕರಗುವ ಬೇರೆ ವಸ್ತುವಾಗಿ ಮಾಡುವ ಕಿಣ್ವ ಇದೆ. ಮನುಷ್ಯರಿಗೆ ಅದು ಇಲ್ಲ. ಹಾಗಾಗಿ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಹರಳಾಗತೊಡಗುತ್ತದೆ. ದೇಹದಲ್ಲಿ ತಣ್ಣಗಿರುವ ಜಾಗ ಕಾಲಿನ ತುದಿ, ಅದಕ್ಕೇ ಹೆಬ್ಬೆರಳಿಗೆ ಮೊದಲ ಪೆಟ್ಟು. ಮೊಣಕೈ ಹತ್ತಿರ ಇರುವ ಗಂಟು ಎಂದರೆ ವರ್ಷಗಟ್ಟಲೆ ಕೂಡಿಕೊಂಡ ಹರಳುಗಳ ರಾಶಿ. ಗಂಟು ಎದ್ದಿದೆ ಎಂದರೆ ಇನ್ನು ಪಥ್ಯದಿಂದ ಮಾತ್ರ ಸರಿಹೋಗುವ ಹಂತ ದಾಟಿದೆ.

ಗೌಟ್ ಕಿಡ್ನಿಯನ್ನು ಮುಟ್ಟುವ ದಾರಿಗಳಲ್ಲಿ ಮೊದಲನೆಯದು ಕಲ್ಲು. ಮೂತ್ರ ಹೆಚ್ಚು ಆಮ್ಲವಾಗಿದ್ದರೆ ಯೂರಿಕ್ ಆಸಿಡ್ ಅಲ್ಲೇ ಕಲ್ಲು ಕಟ್ಟುತ್ತದೆ. ಈ ಕಲ್ಲಿಗೆ ಒಂದು ಗುಣ ಇದೆ. ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಅಥವಾ ಸಿಟಿ ಬೇಕು. ಆದರೆ ಮೂತ್ರದ ಆಮ್ಲತೆ ಇಳಿಸಿದರೆ ಆಪರೇಷನ್ ಇಲ್ಲದೆ ಕರಗಿಸಬಹುದಾದ ಕಲ್ಲೂ ಇದೇ. ಅದಕ್ಕೆ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಕೊಡುತ್ತಾರೆ. ನಿಮ್ಮ ತಂದೆಯವರ ವಿಷಯದಲ್ಲಿ ಇಲ್ಲೊಂದು ಕೊಕ್ಕೆ ಇದೆ. ಸ್ಪೈರೊನೊಲ್ಯಾಕ್ಟೋನ್ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಅದರ ಮೇಲೆ ಈ ಸಿರಪ್, ಜೊತೆಗೆ ‘ಕಿಡ್ನಿಗೆ ತಂಪು’ ಎಂದು ದಿನಾ ಎರಡು ಎಳನೀರು ಆದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಅಡುಗೆ ಸೋಡಾ ಕರಗಿಸಿ ಕುಡಿಯುವುದು ಇನ್ನೂ ಕೆಟ್ಟದ್ದು. ಅದರಲ್ಲಿರುವ ಸೋಡಿಯಂ ನೇರವಾಗಿ ಹೊಟ್ಟೆಯ ನೀರಿಗೆ ಸೇರುತ್ತದೆ. ‘ಬಿಯರ್ ಕುಡಿದರೆ ಕಲ್ಲು ಕೊಚ್ಚಿಕೊಂಡು ಹೋಗುತ್ತೆ’ ಎಂದು ಯಾರಾದರೂ ಹೇಳಿದರೆ ಅವರಿಗೆ ಉತ್ತರ ಕೊಡುವ ಶ್ರಮವೂ ಬೇಡ. ಬಿಯರ್ ಗೌಟ್ ಎಬ್ಬಿಸುವ ಕುಡಿತಗಳಲ್ಲಿ ಮುಂದಿನ ಸಾಲಿನದು.

ಎರಡನೆಯದು, ಹರಳುಗಳು ಕಿಡ್ನಿಯ ಒಳಗೇ ಕೂತು ನಿಧಾನವಾಗಿ ಗಾಯ ಮಾಡುವುದು. ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬ ಬಗ್ಗೆ ನಮ್ಮಲ್ಲೇ ವಾದ ಇದೆ. ‘ಯೂರಿಕ್ ಆಸಿಡ್ ಇಳಿಸಿದರೆ ಕಿಡ್ನಿ ಉಳಿಯುತ್ತದೆ’ ಎಂದು ಬಹಳ ಜನ ನಂಬಿದ್ದರು. 2020ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಅಲೊಪ್ಯೂರಿನಾಲ್ ಎಂಬ ಮಾತ್ರೆ ಯೂರಿಕ್ ಆಸಿಡನ್ನು ಚೆನ್ನಾಗಿಯೇ ಇಳಿಸಿತು, ಆದರೆ ಕಿಡ್ನಿ ಸೊರಗುವ ವೇಗ ಕಡಿಮೆಯಾಗಲಿಲ್ಲ. ಹಾಗಾಗಿ ನೋವು, ಗಂಟು, ಕಲ್ಲು ಯಾವುದೂ ಇಲ್ಲದೆ ಹೆಲ್ತ್ ಚೆಕಪ್‌ನಲ್ಲಿ ಸುಮ್ನೆ 7.5 ಬಂದವರಿಗೆ ನಾನು ಮಾತ್ರೆ ಬರೆಯುವುದಿಲ್ಲ. ನಿಮ್ಮ ತಂದೆಯವರ ಲೆಕ್ಕ ಬೇರೆ. ಅವರಿಗೆ ಮಾತ್ರೆ ಬೇಕು. ಅದು ಕಿಡ್ನಿಯನ್ನು ನೇರವಾಗಿ ಕಾಪಾಡುತ್ತದೆ ಅಂತಲ್ಲ. ಗೌಟ್ ನಿಂತರೆ ನೋವಿನ ಮಾತ್ರೆ ನಿಲ್ಲುತ್ತದೆ, ಅದಕ್ಕೆ. ನನ್ನ ಅನುಭವದಲ್ಲಿ ಗೌಟ್ ಇದ್ದವರ ಕಿಡ್ನಿಗೆ ಯೂರಿಕ್ ಆಸಿಡ್‌ಗಿಂತ ಜಾಸ್ತಿ ಹೊಡೆತ ಕೊಟ್ಟಿರುವುದು ಕೌಂಟರ್ ಮೇಲೆ ಸಿಗುವ ಆ ಸ್ಟ್ರಿಪ್.

ಇನ್ನು ಬೀಜ ಮೊದಲೋ ಮರ ಮೊದಲೋ ಎನ್ನುವ ಪ್ರಶ್ನೆ. ಕಿಡ್ನಿ ಸೊರಗಿದರೆ ಯೂರಿಕ್ ಆಸಿಡ್ ಹೊರಹೋಗುವುದು ಕಡಿಮೆಯಾಗಿ ಗೌಟ್ ಬರುತ್ತದೆ. ನೀರಿನ ಮಾತ್ರೆಗಳಲ್ಲಿ ಫ್ರುಸೆಮೈಡ್ ಕೂಡ ಯೂರಿಕ್ ಆಸಿಡ್ ಏರಿಸುತ್ತದೆ. ಹೊಟ್ಟೆಯ ನೀರು ಇಳಿಯಲು ಶುರು ಮಾಡಿದ ಮಾತ್ರೆಯ ನಂತರ ಅಪ್ಪನಿಗೆ ನೋವು ಪದೇ ಪದೇ ಬರುತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ಹಾಗಂತ ನೀವೇ ಅದನ್ನು ನಿಲ್ಲಿಸಬೇಡಿ. ಎಷ್ಟು ಕಡಿಮೆ ಪ್ರಮಾಣದಲ್ಲಿ ಹೊಟ್ಟೆ ಹಿಡಿತದಲ್ಲಿರುತ್ತದೆ, ಕ್ರಿಯಾಟಿನಿನ್ ಏರಿರುವಾಗ ಕೆಲವು ದಿನ ನಿಲ್ಲಿಸಬೇಕಾ ಎಂದು ಡಾಕ್ಟರನ್ನೇ ಕೇಳಿ.

ಹಾಗಾದರೆ ನೋವು ಬಂದಾಗ ಏನು ಮಾಡಬೇಕು? ಮೊದಲು ಜ್ವರ ಇದೆಯಾ ನೋಡಿ. ಸಿರೋಸಿಸ್ ಇರುವವರ ಮಂಡಿ ಕೆಂಪಾಗಿ ಬಿಸಿಯಾಗಿ ಊದಿದರೆ ಅದು ಗೌಟೇ ಎಂದು ಹೇಳಲಾಗದು, ಕೀವೂ ಆಗಿರಬಹುದು. ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಗೌಟೇ ಎಂದು ಖಚಿತವಾಗಿ, ಒಂದೇ ಕೀಲು ಊದಿದ್ದರೆ ಆ ಜಾಗಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು, ಅಥವಾ ನಾಲ್ಕೈದು ದಿನ ಪ್ರೆಡ್ನಿಸೊಲೋನ್ ಮಾತ್ರೆ. ಶುಗರ್ ಏರುತ್ತದೆ, ಸೋಂಕಿನ ಭಯ ಇರುತ್ತದೆ, ಆದ್ದರಿಂದ ಡಾಕ್ಟರ ಕಣ್ಣೆದುರೇ ಆಗಬೇಕು. ಬಟ್ಟೆಯಲ್ಲಿ ಐಸ್ ಸುತ್ತಿ ಇಡುವುದರಿಂದ ನಿಜವಾಗಿಯೂ ನೆಮ್ಮದಿ ಸಿಗುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ಯಾರಾಸಿಟಮಾಲ್ ಲಿವರ್‌ಗೆ ವಿಷ ಎಂದು ಹೆದರಿ ಡೈಕ್ಲೋಫೆನಾಕ್ ನುಂಗುವವರು ಇದ್ದಾರೆ. ಇದು ತಲೆಕೆಳಗಾದ ಲೆಕ್ಕ. ಕುಡಿತ ಬಿಟ್ಟಿರುವ ಸಿರೋಸಿಸ್ ರೋಗಿಗೆ ದಿನಕ್ಕೆ ಒಟ್ಟು 2 ಗ್ರಾಂ ಮೀರದ ಹಾಗೆ, ಅಂದರೆ 500 ಮಿಲಿಗ್ರಾಂನ ನಾಲ್ಕು ಮಾತ್ರೆ ಮೀರದ ಹಾಗೆ, ಒಂದೆರಡು ದಿನದ ಮಟ್ಟಿಗೆ ಪ್ಯಾರಾಸಿಟಮಾಲ್ ಕೊಡಬಹುದು. ನೋವಿನ ಮಿಶ್ರಣ ಮಾತ್ರೆಗಳಲ್ಲೂ, ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊಲ್ಚಿಸಿನ್ ಎನ್ನುವ ಇನ್ನೊಂದು ಮಾತ್ರೆ ಇದೆ. ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿ ಜ್ವಾಲೆಯ ಹಾಗೆ ಅರಳುವ ಅಗ್ನಿಶಿಖೆ, ಕೆಲವು ಕಡೆ ಗೌರಿಹೂ ಅನ್ನುತ್ತಾರಲ್ಲ, ಆ ಬಳ್ಳಿಯಲ್ಲಿರುವ ವಿಷವೇ ಇದು. ಸಣ್ಣ ಪ್ರಮಾಣದಲ್ಲಿ ಗೌಟಿಗೆ ಒಳ್ಳೆಯ ಔಷಧಿ. ಆದರೆ ಅದು ಹೊರಗೆ ಹೋಗುವುದು ಲಿವರ್ ಮತ್ತು ಕಿಡ್ನಿ ಮೂಲಕ. ಎರಡೂ ಸೊರಗಿದವರಲ್ಲಿ ಅದು ಮೈಯಲ್ಲೇ ಕೂಡಿಕೊಳ್ಳುತ್ತದೆ. ಭೇದಿ ಶುರುವಾದರೆ ತಕ್ಷಣ ನಿಲ್ಲಿಸಬೇಕು. ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಜೊತೆ ಕೊಲ್ಚಿಸಿನ್ ಕೂಡದು.

ಯೂರಿಕ್ ಆಸಿಡ್ ಇಳಿಸಲು ಅಲೊಪ್ಯೂರಿನಾಲ್ ಅನ್ನು 50 ಅಥವಾ 100 ಮಿಲಿಗ್ರಾಂನಿಂದ ಶುರು ಮಾಡಿ, ಕೆಲವು ವಾರಕ್ಕೊಮ್ಮೆ ಪರೀಕ್ಷೆ ನೋಡಿಕೊಂಡು ನಿಧಾನವಾಗಿ ಏರಿಸುತ್ತಾರೆ. ಗುರಿ 6ಕ್ಕಿಂತ ಕೆಳಗೆ. ಗಂಟು ಇರುವವರಿಗೆ 5ಕ್ಕಿಂತ ಕೆಳಗೆ ಇದ್ದರೆ ಹರಳು ಬೇಗ ಕರಗುತ್ತದೆ. ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ನೋವು ಜಾಸ್ತಿಯಾಗಬಹುದು. ಹಳೇ ಹರಳು ಅಲುಗಾಡುವುದೇ ಕಾರಣ. ಇದನ್ನು ಮೊದಲೇ ಹೇಳದೇ ಹೋದರೆ ರೋಗಿ ‘ಈ ಮಾತ್ರೆ ನನಗೆ ಆಗಿಬರಲ್ಲ’ ಎಂದು ಬಿಟ್ಟುಬಿಡುತ್ತಾರೆ. ಆದರೆ ಮೈ ಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಮಾತ್ರ ಅದೇ ದಿನ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಪರೂಪ, ಆದರೆ ಪ್ರಾಣಕ್ಕೆ ಬರುತ್ತದೆ. ಫೆಬುಕ್ಸೊಸ್ಟಾಟ್ ಎನ್ನುವ ಇನ್ನೊಂದು ಮಾತ್ರೆಯೂ ಇದೆ. ಅದರಲ್ಲಿ ಲಿವರ್ ಪರೀಕ್ಷೆ ಏರುವುದುಂಟು, ಹೃದಯದ ತೊಂದರೆ ಇರುವವರಲ್ಲಿ ಯೋಚಿಸಿ ಕೊಡಬೇಕು. ಇನ್ನೊಂದು ಎಚ್ಚರಿಕೆ ನಿಮ್ಮ ತಂದೆಯವರಿಗಲ್ಲ, ಇದನ್ನು ಓದುವ ಬೇರೆಯವರಿಗೆ. ಆಟೊಇಮ್ಯೂನ್ ಹೆಪಟೈಟಿಸ್‌ಗೆ (ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ದಾಳಿ ಮಾಡುವ ಕಾಯಿಲೆ) ಅಜಥಯೊಪ್ರಿನ್ ಎಂಬ ಮಾತ್ರೆ ನುಂಗುತ್ತಿದ್ದರೆ ಗೌಟ್ ಡಾಕ್ಟರಿಗೆ ಅದನ್ನು ಹೇಳಲೇಬೇಕು. ಅದರ ಜೊತೆ ಅಲೊಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಸೇರಿದರೆ ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಂತುಹೋಗಬಹುದು.

ಊಟದ ವಿಷಯದಲ್ಲಿ ನೀವು ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮಾಡಿದ್ದೀರಿ. ಗೌಟ್ ಎಂದು ಬೇಳೆ ಬಿಡಿಸುತ್ತಾರೆ. ಕಿಡ್ನಿ ಎಂದು ಮೊಟ್ಟೆ ಬಿಡಿಸುತ್ತಾರೆ. ಲಿವರ್ ಎಂದು ಎಣ್ಣೆ, ತುಪ್ಪ ಬಿಡಿಸುತ್ತಾರೆ. ಮೂರು ಚಾರ್ಟ್ ಸೇರಿದರೆ ತಟ್ಟೆಯಲ್ಲಿ ಉಳಿಯುವುದು ಗಂಜಿ ಮಾತ್ರ. ಸಿರೋಸಿಸ್ ರೋಗಿಗೆ ಪ್ರೋಟೀನ್ ಎಲ್ಲರಿಗಿಂತ ಜಾಸ್ತಿ ಬೇಕು, ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. ಬೇಳೆ, ಕಾಳು ತಿಂದವರಿಗೆ ಗೌಟ್ ಜಾಸ್ತಿಯಾಗುವುದಿಲ್ಲ, ಅವುಗಳ ಪ್ಯೂರಿನ್ ಆ ಥರ ಕಾಡುವುದಿಲ್ಲ. ತೊಗರಿಬೇಳೆ ಸಾರು ಮತ್ತೆ ಶುರು ಮಾಡಿ. ಹುಣಸೆಹಣ್ಣು, ಟೊಮೆಟೊ ನಿಲ್ಲಿಸಬೇಕಾದ್ದಿಲ್ಲ. ಪೊಟ್ಯಾಸಿಯಂ ಏರಿದೆ ಎಂದು ರಿಪೋರ್ಟ್ ಬಂದರೆ ಮಾತ್ರ ಟೊಮೆಟೊ ಇಳಿಸಿದರಾಯಿತು. ಹಾಲು, ಮೊಸರು, ಮಜ್ಜಿಗೆ ಯೂರಿಕ್ ಆಸಿಡ್‌ಗೂ ಒಳ್ಳೆಯದು. ರಾತ್ರಿ ಮಲಗುವ ಮುಂಚೆ ಸ್ವಲ್ಪ ಹಾಲು ಅವಲಕ್ಕಿ ಕೊಡಿ. ಲಿವರ್ ಸೊರಗಿದವರಿಗೆ ಒಂದು ರಾತ್ರಿಯ ಉಪವಾಸವೂ ಮಾಂಸಖಂಡವನ್ನು ಕರಗಿಸುತ್ತದೆ.

ಬಿಡಬೇಕಾದ್ದು ಬೇರೆ ಇದೆ. ಬೋಟಿ, ಕುರಿಯ ಲಿವರ್, ಬೂತಾಯಿ, ಬಂಗುಡೆ ಇವುಗಳಲ್ಲಿ ಪ್ಯೂರಿನ್ ಹೆಚ್ಚು. ‘ಮಂಡಿಗೆ ಬಲ ಬರುತ್ತೆ’ ಎಂದು ಕಾಲು ಸೂಪ್ ಕುಡಿಸುತ್ತಾರೆ. ಮಾಂಸದ ಪ್ಯೂರಿನ್ ಇಳಿಯುವುದೇ ಆ ನೀರಿಗೆ. ಬಾಟಲಿ ಕೂಲ್‌ಡ್ರಿಂಕ್ಸ್, ಡಬ್ಬಿಯ ಜ್ಯೂಸ್ ಬೇಡ. ಅವುಗಳ ಸಕ್ಕರೆಯಲ್ಲಿರುವ ಫ್ರಕ್ಟೋಸ್ ಲಿವರ್‌ನಲ್ಲಿ ಕರಗುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ, ಕೊಬ್ಬೂ ಕೂಡುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಇದರಲ್ಲೇ ಸೇರಬೇಕು. ಮಂಡಕ್ಕಿ ಮಿರ್ಚಿ ಬಿಡಿಸುವುದು ನಿಮ್ಮೂರಿನಲ್ಲಿ ಕಷ್ಟ ಎಂದು ಗೊತ್ತು. ವಾರಕ್ಕೊಮ್ಮೆ ಒಂದು ಮಿರ್ಚಿಗೆ ರಾಜಿ ಮಾಡಿಕೊಳ್ಳಿ. ನೀರಿನ ವಿಷಯದಲ್ಲಿ ‘ಗೌಟಿಗೆ ಮೂರು ಲೀಟರ್’ ಎಂಬ ಮಾತು ನಿಮಗೆ ಅನ್ವಯಿಸದು. ಸೋಡಿಯಂ ಎಷ್ಟಿದೆ ನೋಡಿ ಡಾಕ್ಟರು ಹೇಳಿದಷ್ಟು.

ಹಳ್ಳಿ ಮದ್ದಿನ ಬಗ್ಗೆ ಒಂದು ಮಾತು. ಹೆಸರು, ಲೇಬಲ್ ಇಲ್ಲದ ಪುಡಿಯಲ್ಲಿ ‘ಎರಡೇ ದಿನಕ್ಕೆ ನೋವು ಮಾಯ’ ಆದರೆ ಅದರಲ್ಲಿ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆ ಬೆರೆತಿರುವ ಸಂಶಯ ನನಗೆ ಬರುತ್ತದೆ. ಅಮೃತಬಳ್ಳಿ ಕಷಾಯದಿಂದ ಲಿವರ್ ಊದಿಕೊಂಡ ಪ್ರಕರಣಗಳು ಕೋವಿಡ್ ಸಮಯದಲ್ಲಿ ನಮ್ಮ ದೇಶದಲ್ಲೇ ವರದಿಯಾಗಿವೆ. ಬಿಂಬುಳಿ ಕಾಯಿಯ ಗಟ್ಟಿ ರಸ ಕುಡಿದು ಆಕ್ಸಲೇಟ್ ಕೂತು ಕಿಡ್ನಿ ನಿಂತವರು ಪಕ್ಕದ ಕೇರಳದಲ್ಲಿ ಇದ್ದಾರೆ. ಹಸಿ ಮೀನಿನ ಪಿತ್ತ ನುಂಗಿದವರಲ್ಲಿ ಲಿವರ್, ಕಿಡ್ನಿ ಎರಡೂ ಒಟ್ಟಿಗೆ ಕೆಟ್ಟದ್ದಿದೆ.

ಸಿರೋಸಿಸ್‌ಗೆ ಕುಡಿತವೇ ಕಾರಣ ಎಂದು ತೀರ್ಮಾನಿಸಿ ಕೂರದೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿದೆಯಾ ಕೇಳಿ. ಇವೆರಡೂ ಕಿಡ್ನಿಯ ಸೋಸುವ ಜಾಲರಿಯನ್ನೇ ಕೆಡಿಸಬಲ್ಲವು. ಆಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ನೊರೆ ಕಾಣುತ್ತದೆ. ಮೇಲೆ ಮೂತ್ರ ಪರೀಕ್ಷೆ ಎಂದು ಬರೆದದ್ದು ಇದಕ್ಕೂ ಸೇರಿಸಿಯೇ. ಹೆಪಟೈಟಿಸ್ ಸಿ ಆದರೆ ಹೆಚ್ಚಿನವರಿಗೆ ಮೂರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ.

ಮೂತ್ರ ಎಂದಿಗಿಂತ ಅರ್ಧಕ್ಕಿಂತ ಕಡಿಮೆ ಆದರೆ, ಮಲ ಟಾರಿನ ಹಾಗೆ ಕಪ್ಪಾದರೆ, ಹೊಟ್ಟೆನೋವಿನ ಜೊತೆ ಜ್ವರ ಬಂದರೆ, ಹಗಲು ನಿದ್ದೆ ರಾತ್ರಿ ಎಚ್ಚರ ಎಂದಾಗಿ ಮಾತು ತೊದಲಿದರೆ ಮರುದಿನದ ಓಪಿಡಿಗೆ ಕಾಯಬೇಡಿ. ಹೆಪಟೊರೀನಲ್ ಸಿಂಡ್ರೋಮ್ ಆಗಿದ್ದರೂ ಅಲ್ಬುಮಿನ್ ಜೊತೆ ಟೆರ್ಲಿಪ್ರೆಸಿನ್ ಎಂಬ ಇಂಜೆಕ್ಷನ್ ಇದೆ. ಅದು ಅಗಲವಾದ ಕರುಳಿನ ರಕ್ತನಾಳಗಳನ್ನು ಬಿಗಿ ಮಾಡಿ ಕೊನೇ ಹೊಲಕ್ಕೆ ನೀರು ಹರಿಸುತ್ತದೆ. ಬೇಗ ಶುರು ಮಾಡಿದಷ್ಟೂ ಫಲ ಜಾಸ್ತಿ. ಲಿವರ್ ಕಸಿಯ ಮಾತು ಬಂದರೆ ಗಾಬರಿಯಾಗಬೇಡಿ. ಕರ್ನಾಟಕದಲ್ಲಿ ಅಂಗಾಂಗ ದಾನದ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸರಕಾರಿ ಸಂಸ್ಥೆ. ಹೊಸ ಲಿವರ್ ಬಂದ ಮೇಲೆ ಕಿಡ್ನಿ ತಾನಾಗಿ ಚೇತರಿಸಿಕೊಳ್ಳುವುದು ಬಹಳ ಸಲ ನಡೆಯುತ್ತದೆ.

ಕೊನೆಯ ಪ್ರಶ್ನೆ, ಮಾತ್ರೆ ಜೀವನಪೂರ್ತಿ ನುಂಗಬೇಕಾ? ಹೌದು, ಬಹುಮಟ್ಟಿಗೆ. ಯೂರಿಕ್ ಆಸಿಡ್ 6ಕ್ಕೆ ಇಳಿದದ್ದು ಮಾತ್ರೆಯಿಂದ. ನಿಲ್ಲಿಸಿದ ಕೆಲವೇ ವಾರಕ್ಕೆ ಅದು ಮೊದಲಿನ ಜಾಗಕ್ಕೆ ಹೋಗಿ ಕೂರುತ್ತದೆ. ಮೊಣಕೈಯ ಗಂಟು ಕರಗಲು ಒಂದೆರಡು ವರ್ಷವೇ ಬೇಕಾಗಬಹುದು. ಅಪ್ಪನಿಗೆ ಇದನ್ನು ಹೇಳುವಾಗ ದಿನಕ್ಕೊಂದು ಈ ಮಾತ್ರೆಯನ್ನೂ, ತಿಂಗಳಿಗೆ ಹತ್ತು ಹದಿನೈದು ನೋವಿನ ಮಾತ್ರೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿ ಸಿಕ್ಕ ಎಲ್ಲ ಸ್ಟ್ರಿಪ್‌ಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಹೋಗಿ.